ಸೋದರತ್ತೆ ಬರೆದ ಇತಿಹಾಸ



ಇಂಗ್ಲಿಷಿನವರು 'ಆಂಟಿ' ಎಂಬ ಒಂದೇ ಪದದಲ್ಲಿ ಮುಗಿಸಿಬಿಡುವ ಸಂಬಂಧಕ್ಕೆ ನಮ್ಮ ಎರಡು ಭಾಷೆಗಳಲ್ಲಿ ಎಷ್ಟೊಂದು ಹೆಸರುಗಳಿವೆ ನೋಡಿ! ಕನ್ನಡದಲ್ಲಿ ಸೋದರತ್ತೆ, ಚಿಕ್ಕಮ್ಮ, ದೊಡ್ಡಮ್ಮ. ಉರ್ದುವಿನಲ್ಲಿ ಫೂಫಿ, ಖಾಲಾ, ಚಾಚಿ, ಮುಮಾನಿ. ತಂದೆಯ ಅಕ್ಕತಂಗಿಯರನ್ನು ಕನ್ನಡವು ಸೋದರತ್ತೆ ಎಂದರೆ ಉರ್ದು ಫೂಫಿ ಎನ್ನುತ್ತದೆ. ಮದುವೆಯಾಗಿ ಬೇರೆ ಮನೆ ಸೇರಿದರೂ ತವರಿನ ಸುಖದುಃಖಗಳಿಂದ ಬೇರೆಯಾಗದವಳು ಈ ಫೂಫಿ. ಅಣ್ಣತಮ್ಮಂದಿರು ಆಸ್ತಿಗಾಗಿ ಮುಖ ತಿರುಗಿಸಿಕೊಂಡಾಗ ಇಬ್ಬರ ಮನೆಗೂ ಹೋಗಿಬರುವ ಹಕ್ಕು ಉಳಿದಿರುವುದು ಆಕೆಗೊಬ್ಬಳಿಗೇ.

ಮೊಗಲರ ಇತಿಹಾಸವನ್ನು ನಾವು ಶಾಲೆಯಲ್ಲಿ ಓದುವುದು ಹೇಗೆ? 1526ರ ಪಾಣಿಪತ್, 1539ರ ಚೌಸಾ, 1540ರ ಕನೌಜ್, 1556ರ ಎರಡನೆಯ ಪಾಣಿಪತ್. ನಡುವೆ ಹುಮಾಯೂನ್ ಮತ್ತು ಅವನ ತಮ್ಮಂದಿರ ಜಗಳ. ಪರೀಕ್ಷೆಗೆ ಇಷ್ಟು ಸಾಕು, ಅಂಕಗಳೂ ಬರುತ್ತವೆ. ಆದರೆ ಅಣ್ಣತಮ್ಮಂದಿರು ಕತ್ತಿ ಹಿರಿದು ನಿಂತಿದ್ದ ಆ ಮನೆ ಒಡೆದು ಚೂರಾಗದೆ ಮುಂದೆ ಅಕ್ಬರನ ಕಾಲದವರೆಗೆ ಹೇಗೆ ಬಂತು ಎಂಬ ಪ್ರಶ್ನೆಯನ್ನು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ನನ್ನ ತಿಳುವಳಿಕೆಯಲ್ಲಿ ಅದರ ಉತ್ತರದ ಒಂದು ದೊಡ್ಡ ಪಾಲು ಆ ಮನೆಯ ಫೂಫಿಗಳಲ್ಲಿದೆ. ಅದೃಷ್ಟವಶಾತ್ ಅವರಲ್ಲಿ ಒಬ್ಬಳು ಲೇಖನಿ ಹಿಡಿದಳು. ಅವಳೇ ಬಾಬರನ ಮಗಳು, ಹುಮಾಯೂನನ ತಂಗಿ, ಅಕ್ಬರನ ಸೋದರತ್ತೆ ಗುಲ್‌ಬದನ್ ಬೇಗಂ.

ಸುಮಾರು 1587ರಲ್ಲಿ ಅಕ್ಬರನು ತನ್ನ ವಂಶದ ಇತಿಹಾಸವನ್ನು ಬರೆಯಿಸಲು ಹೊರಟಾಗ ಬಾಬರ್ ಮತ್ತು ಹುಮಾಯೂನರನ್ನು ಕಣ್ಣಾರೆ ಕಂಡವರು ತಮ್ಮ ನೆನಪುಗಳನ್ನು ಬರೆದುಕೊಡಬೇಕೆಂದು ಆಜ್ಞೆ ಮಾಡಿದ. ಹುಮಾಯೂನನಿಗೆ ಕೈತೊಳೆಯಲು ನೀರು ಕೊಡುತ್ತಿದ್ದ ಸೇವಕ ಜೌಹರ್ ಬರೆದುಕೊಟ್ಟ. ಬಾಯಜೀದ್ ಎಂಬ ಅಧಿಕಾರಿ ಹೇಳಿ ಬರೆಯಿಸಿದ. ಅರವತ್ತು ದಾಟಿದ್ದ ಫೂಫಿಗೂ ಆ ಆಜ್ಞೆ ತಲುಪಿತು. ಆಕೆ ಬರೆದದ್ದೇ 'ಹುಮಾಯೂನ್‌ನಾಮಾ'. ಅದರ ಭಾಷೆ ಫಾರಸಿ, ನಡುನಡುವೆ ಮನೆಮಾತಾದ ತುರ್ಕಿಯ ಪದಗಳು. ಆಸ್ಥಾನ ವಿದ್ವಾಂಸರ ಅಲಂಕಾರ ಅದರಲ್ಲಿಲ್ಲ. ಹಿರಿಯಳೊಬ್ಬಳು ಅಂಗಳದಲ್ಲಿ ಕುಳಿತು ಮಕ್ಕಳಿಗೆ ಹಳೆಯದನ್ನು ಹೇಳಿದಂತಿದೆ. ತಂದೆ ತೀರಿಕೊಂಡಾಗ ತನಗೆ ಎಂಟೇ ವರ್ಷ, ಆದ್ದರಿಂದ ಹೆಚ್ಚು ನೆನಪಿಲ್ಲ ಎಂದು ಆರಂಭದಲ್ಲೇ ಒಪ್ಪಿಕೊಳ್ಳುವ ಪ್ರಾಮಾಣಿಕತೆಯೂ ಇದೆ. ಮೊಗಲ್ ಅರಮನೆಯ ಒಳಗಿನ ಬದುಕನ್ನು ಆ ಕಾಲದ ಹೆಣ್ಣೊಬ್ಬಳ ಕಣ್ಣಿನಿಂದ ಕಾಣಲು ನಮಗಿರುವ ಬಾಗಿಲು ಇದೊಂದೇ ಎಂದರೆ ತಪ್ಪಾಗಲಾರದು. ಎನ್‌ಸಿಇಆರ್‌ಟಿಯ ಹನ್ನೆರಡನೆಯ ತರಗತಿಯ ಇತಿಹಾಸ ಪುಸ್ತಕದಲ್ಲಿ ಮೊಗಲ್ ದರ್ಬಾರಿನ ಅಧ್ಯಾಯದೊಳಗೆ ಈ ಬೇಗಂಳ ಪರಿಚಯವಿತ್ತು. 2022ರಲ್ಲಿ ಪಠ್ಯಭಾರ ಇಳಿಸುವ ಹೆಸರಿನಲ್ಲಿ ಆ ಅಧ್ಯಾಯವನ್ನು ಕೈಬಿಡಲಾಯಿತು. ಹಾಗಾಗಿ ವಿದ್ಯಾರ್ಥಿಗಳಿಗೆ ಇಲ್ಲಿ ತುಸು ವಿವರವಾಗಿಯೇ ಹೇಳುತ್ತೇನೆ.

ಗುಲ್‌ಬದನ್ ಹುಟ್ಟಿದ್ದು ಸುಮಾರು 1523ರಲ್ಲಿ, ಕಾಬೂಲಿನಲ್ಲಿ. ಹೆತ್ತ ತಾಯಿ ದಿಲ್‌ದಾರ್ ಬೇಗಂ. ಆದರೆ ಎರಡರ ಎಳೆಯ ವಯಸ್ಸಿನಲ್ಲೇ ಬಾಬರನ ಹಿರಿಯ ಪತ್ನಿ, ಹುಮಾಯೂನನ ತಾಯಿ ಮಾಹಂ ಬೇಗಂ ಈ ಮಗುವನ್ನು ಸಾಕಲು ತೆಗೆದುಕೊಂಡಳು. ಗುಲ್‌ಬದನಳ ಒಡಹುಟ್ಟಿದ ಅಣ್ಣ ಹಿಂದಾಲನನ್ನೂ ಮಾಹಂ ಹೀಗೆಯೇ ಮೊದಲೇ ತೆಗೆದುಕೊಂಡಿದ್ದಳು. ಹೀಗೆ ಒಬ್ಬಳು ಹೆತ್ತು ಇನ್ನೊಬ್ಬಳು ಸಾಕಿದ ಮಗಳಿಗೆ ಚಿಕ್ಕಂದಿನಲ್ಲೇ ಎರಡು ಮಡಿಲುಗಳ ಋಣ. ಹುಮಾಯೂನ್ ಆಕೆಗೆ ಮಲ ಅಣ್ಣನಲ್ಲ, ಒಂದೇ ಮಡಿಲಲ್ಲಿ ಬೆಳೆದ ಅಣ್ಣ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಾಬರ್ ಹಿಂದೂಸ್ತಾನ ಗೆದ್ದು ಮೂರು ವರ್ಷಗಳಾದ ಮೇಲೆ, 1529ರಲ್ಲಿ, ಕಾಬೂಲಿನ ಹೆಂಗಸರು ಆಗ್ರಾಕ್ಕೆ ಬಂದರು. ಆರು ವರ್ಷದ ಗುಲ್‌ಬದನ್ ಮಾಹಂಳ ಜೊತೆಗಿದ್ದಳು. ಮಾಹಂ ಬರುತ್ತಿದ್ದಾಳೆಂಬ ಸುದ್ದಿ ತಿಳಿದ ಬಾಬರ್ ಕುದುರೆ ತರುವವರೆಗೂ ಕಾಯದೆ ರಾತ್ರಿಯಲ್ಲಿ ಕಾಲ್ನಡಿಗೆಯಲ್ಲೇ ಎದುರುಗೊಳ್ಳಲು ಹೊರಟನಂತೆ. ಮಗಳು ತಂದೆಯನ್ನು ಕಂಡದ್ದು ಮರುದಿನ. ಪಾದಕ್ಕೆ ಬಿದ್ದ ಮಗುವನ್ನು ಎತ್ತಿ ಅಪ್ಪಿಕೊಂಡು ಆತ ಅದೂ ಇದೂ ವಿಚಾರಿಸಿದ. ಆ ಕ್ಷಣದ ಸಂತೋಷಕ್ಕಿಂತ ಮಿಗಿಲಾದುದು ಇರಲಾರದು ಎಂದು ಅರವತ್ತು ವರ್ಷಗಳ ಬಳಿಕವೂ ಆಕೆಗೆ ಅನಿಸಿತ್ತು. ಆದರೆ ಆ ಸುಖ ಒಂದೂವರೆ ವರ್ಷದ್ದು ಮಾತ್ರ. 1530ರ ಡಿಸೆಂಬರಿನಲ್ಲಿ ಬಾಬರ್ ತೀರಿಕೊಂಡ.

ತಂದೆಯ ಬಗ್ಗೆ ಆಕೆ ಬರೆದ ಒಂದು ಸಂಗತಿಯನ್ನು ನಾನು ಪ್ರತಿವರ್ಷ ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ. ಬಾಬರನಿಗೆ ಅನೇಕ ಫೂಫಿಗಳಿದ್ದರು. ತೈಮೂರ್ ವಂಶದ ರಾಜ್ಯಗಳು ಒಂದೊಂದಾಗಿ ಉಜ್ಬೇಕರ ಪಾಲಾದ ಮೇಲೆ ಅವರಿಗೆ ತವರೆಂದು ಉಳಿದದ್ದು ಇವನೊಬ್ಬನೇ. ಅವರನ್ನೆಲ್ಲ ಹಿಂದೂಸ್ತಾನಕ್ಕೆ ಕರೆಸಿ, ಮನೆಗಳನ್ನು ಕೊಟ್ಟು, ಅವರೇನು ಕಟ್ಟಿಸಲು ಹೇಳಿದರೂ ಆ ಕೆಲಸವನ್ನು ಮೊದಲು ಮಾಡಬೇಕೆಂದು ತನ್ನ ಶಿಲ್ಪಿಗೆ ತಾಕೀತು ಮಾಡಿದ್ದ. ಆಗ್ರಾದಲ್ಲಿದ್ದಷ್ಟು ಕಾಲವೂ ಪ್ರತಿ ಶುಕ್ರವಾರ ಅವರ ಮನೆಗಳಿಗೆ ಹೋಗಿ ಕ್ಷೇಮ ವಿಚಾರಿಸುತ್ತಿದ್ದ. ಒಂದು ಶುಕ್ರವಾರ ವಿಪರೀತ ಸೆಕೆ. ಇವತ್ತೊಂದು ದಿನ ಹೋಗದಿದ್ದರೆ ಅವರೇನೂ ತಪ್ಪು ತಿಳಿಯುವುದಿಲ್ಲ ಎಂದು ಮಾಹಂ ಹೇಳಿದಳು. ಬಾಬರನಿಗೆ ಆಶ್ಚರ್ಯವಾಯಿತು. ತಂದೆಯೂ ಇಲ್ಲದ, ಅಣ್ಣತಮ್ಮಂದಿರೂ ಇಲ್ಲದ ಆ ಹೆಣ್ಣುಮಕ್ಕಳ ಮನಸ್ಸಿಗೆ ನಾನಲ್ಲದೆ ಇನ್ಯಾರು ಸಮಾಧಾನ ತರಬೇಕು ಎಂದು ಆತ ಕೇಳಿದ.

ಯೋಚಿಸಿ. ಸಾಮ್ರಾಜ್ಯ ಕಟ್ಟಿದವನಿಗೆ ಮುದುಕಿಯರ ಮನೆಗೆ ಹೋಗಿ ಕುಳಿತು ಮಾತಾಡಲು ವಾರಕ್ಕೊಂದು ದಿನ ಬಿಡುವಿತ್ತು. ನಮ್ಮ ಊರಿನಲ್ಲೇ, ಪಕ್ಕದ ಮೊಹಲ್ಲಾದಲ್ಲೇ ಇರುವ ಫೂಫಿಯ ಮನೆಗೆ ಈದ್ ದಿನ ಬಿಟ್ಟರೆ ನಾವು ಎಷ್ಟು ಸಲ ಹೋಗುತ್ತೇವೆ? ಸಿಲೆ ರಹಮಿ, ಅಂದರೆ ರಕ್ತಸಂಬಂಧಗಳನ್ನು ಕಡಿಯದೆ ಉಳಿಸಿಕೊಳ್ಳುವುದು, ದೀನಿನಲ್ಲಿ ಎಷ್ಟು ದೊಡ್ಡ ಕರ್ತವ್ಯವೆಂದು ಮದರಸಾದ ಮಕ್ಕಳಿಗೂ ಗೊತ್ತು. ಆದರೆ ಆ ಮಾತು ಸೆಕೆಯ ದಿನ ಮನೆಯಿಂದ ಹೊರಬೀಳುವುದಾಗಿ ಮಾರ್ಪಡಬೇಕು, ಅಷ್ಟೇ ಕಷ್ಟ.

ಈಗ ಗುಲ್‌ಬದನಳ ಸ್ವಂತ ಫೂಫಿಯ ವಿಷಯಕ್ಕೆ ಬರೋಣ. ಆಕೆಯ ಹೆಸರು ಖಾನ್‌ಜಾದಾ ಬೇಗಂ, ಬಾಬರನ ಒಡಹುಟ್ಟಿದ ಅಕ್ಕ, ಅವನಿಗಿಂತ ಐದು ವರ್ಷ ಹಿರಿಯಳು. 1501ರಲ್ಲಿ ಉಜ್ಬೇಕರ ಶೈಬಾನಿ ಖಾನ್ ಸಮರ್‌ಕಂದಕ್ಕೆ ಮುತ್ತಿಗೆ ಹಾಕಿ ನಗರದಲ್ಲಿ ತಿನ್ನಲು ಏನೂ ಉಳಿಯದಿದ್ದಾಗ ಹದಿನೆಂಟರ ಬಾಬರ್ ರಾತ್ರೋರಾತ್ರಿ ಹೊರಬಿದ್ದ. ಅಕ್ಕ ಶತ್ರುವಿನ ಕೈಸೇರಿದಳು. ಆಕೆಯನ್ನು ಶೈಬಾನಿಗೆ ಮದುವೆ ಮಾಡಿಕೊಡುವ ಒಪ್ಪಂದದಿಂದಲೇ ತಮ್ಮನ ಪ್ರಾಣ ಉಳಿಯಿತೆಂದು ಗುಲ್‌ಬದನ್ ಬರೆಯುತ್ತಾಳೆ. ಬಾಬರ್ ಮಾತ್ರ ತನ್ನ ಆತ್ಮಕಥೆಯಲ್ಲಿ ಅಕ್ಕ ಅವನ ಕೈಗೆ ಸಿಕ್ಕಿಬಿದ್ದಳೆಂದಷ್ಟೇ ಹೇಳಿ ಮುಂದೆ ಹೋಗುತ್ತಾನೆ. ಗಂಡಸರು ಬರೆಯಲು ಸಂಕೋಚಪಟ್ಟದ್ದನ್ನು ಮನೆಯ ಹೆಣ್ಣುಮಕ್ಕಳು ಮರೆಯದೆ ಇಟ್ಟುಕೊಂಡಿದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕೆ?

ಹತ್ತು ವರ್ಷಗಳ ನಂತರ, 1510ರಲ್ಲಿ, ಇರಾನಿನ ಶಾ ಇಸ್ಮಾಯೀಲನು ಮರ್ವ್ ಬಳಿ ಶೈಬಾನಿಯನ್ನು ಸೋಲಿಸಿದ. ಶೈಬಾನಿ ಸತ್ತ. ಸೆರೆಸಿಕ್ಕವರಲ್ಲಿ ಖಾನ್‌ಜಾದಾ ಇದ್ದಾಳೆಂದು ತಿಳಿದ ಶಾ ಆಕೆಯನ್ನು ಸಕಲ ಮರ್ಯಾದೆಯೊಂದಿಗೆ ತಮ್ಮನಲ್ಲಿಗೆ ಕಳುಹಿಸಿದ. ಕುಂದುಜ್‌ನಲ್ಲಿ ಬಾಬರ್ ಎದುರಿಗೆ ಬಂದು ಮಾತನಾಡಿಸಿದರೂ ಮೊದಲಿಗೆ ಅಕ್ಕನಿಗೆ ಗುರುತು ಹತ್ತಲಿಲ್ಲ. ಹದಿನೆಂಟರ ಹುಡುಗ ಈಗ ಇಪ್ಪತ್ತೆಂಟರ ಗಂಡಸು.

ಇಷ್ಟು ಕಳೆದುಕೊಂಡ ಹೆಣ್ಣು ಉಳಿದ ಬದುಕನ್ನು ಕೊರಗುತ್ತ ಕಳೆಯಬಹುದಿತ್ತು. ಬದಲಿಗೆ ಆಕೆ ಆ ದೊಡ್ಡ ಸಂಸಾರದ ಹಿರಿಯಳಾದಳು. ಮಕ್ಕಳೆಲ್ಲ ಆಕೆಯನ್ನು 'ಅಕಾ ಜಾನಂ' ಎಂದು ಕರೆಯುತ್ತಿದ್ದರು. ಗಂಡ ಮಹದೀ ಖ್ವಾಜಾನ ತಂಗಿ ಸುಲ್ತಾನಂ ಎರಡು ವರ್ಷದವಳಾಗಿದ್ದಾಗಲೇ ಆಕೆಯನ್ನು ತಂದು ಸಾಕಿ, ಬೆಳೆಸಿ, ತನ್ನ ತಮ್ಮನ ಮಗ ಹಿಂದಾಲನಿಗೆ ಕೊಟ್ಟು ಮದುವೆ ಮಾಡಿದಳು. ಆ ಮದುವೆಗೆ ಯಾರು ಯಾರು ಬಂದಿದ್ದರು, ಯಾರು ಎಲ್ಲಿ ಕುಳಿತರು, ವಧುವಿಗೆ ಏನೇನು ಕೊಟ್ಟರು ಎಂಬುದನ್ನು ಗುಲ್‌ಬದನ್ ಪುಟಗಟ್ಟಲೆ ಬರೆದಿದ್ದಾಳೆ. ಕೆಲವು ವಿದ್ವಾಂಸರಿಗೆ ಇಂಥ ಪಟ್ಟಿಗಳು ಬೇಸರ ತರುತ್ತವಂತೆ. ಮದುವೆಮನೆಯಲ್ಲಿ ಓಡಾಡಿದವರಿಗೆ ತರುವುದಿಲ್ಲ.

ಅಕಾ ಜಾನಂಳ ನಿಜವಾದ ಪರೀಕ್ಷೆ ಬಂದದ್ದು ಹುಮಾಯೂನ್ ರಾಜ್ಯ ಕಳೆದುಕೊಂಡ ಮೇಲೆ. 1540ರಲ್ಲಿ ಶೇರ್ ಶಾಹನಿಂದ ಸೋತು ಆತ ಸಿಂಧಿನ ಮರುಭೂಮಿಯ ಕಡೆಗೆ ಹೋದ. ಇನ್ನೊಬ್ಬ ತಮ್ಮ ಕಾಮ್ರಾನ್ ಕಾಬೂಲಿನಲ್ಲಿ ಕುಳಿತ. ಹಿಂದಾಲನ ಕೈಯಲ್ಲಿದ್ದ ಕಂದಹಾರಕ್ಕೆ ಕಾಮ್ರಾನ್ ಮುತ್ತಿಗೆ ಹಾಕಿ, ಖುತ್ಬಾವನ್ನು ತನ್ನ ಹೆಸರಿನಲ್ಲಿ ಓದಬೇಕೆಂದು ಹಟ ಹಿಡಿದ. ಜುಮಾದ ಖುತ್ಬಾದಲ್ಲಿ ಯಾರ ಹೆಸರಿದೆಯೋ ಅವನೇ ಬಾದಶಾಹ. ಕಾಮ್ರಾನ್ ಮೊದಲು ಹಿಂದಾಲನ ತಾಯಿ ದಿಲ್‌ದಾರ್ ಬೇಗಂಳನ್ನು ಕೇಳಿದ. ನಿನ್ನ ಫೂಫಿ ಹಿರಿಯಳು, ಖುತ್ಬಾದ ಸತ್ಯವನ್ನು ಅವಳನ್ನೇ ಕೇಳು ಎಂದು ಆಕೆ ಬೊಟ್ಟು ಮಾಡಿದಳು. ಫೂಫಿಯ ಉತ್ತರ ಸ್ಪಷ್ಟವಾಗಿತ್ತು. ನಿಮ್ಮ ತಂದೆ ತಖ್ತನ್ನು ಹುಮಾಯೂನನಿಗೆ ಕೊಟ್ಟು ಹೋದ, ಇಂದಿನವರೆಗೆ ನೀವೆಲ್ಲ ಅವನ ಹೆಸರಿನಲ್ಲೇ ಖುತ್ಬಾ ಓದಿದಿರಿ, ಈಗಲೂ ಅವನನ್ನೇ ಹಿರಿಯನೆಂದು ತಿಳಿದು ನಡೆಯಿರಿ. ಆ ಹೊತ್ತಿಗೆ ಹುಮಾಯೂನನ ಬಳಿ ಒಂದು ಊರೂ ಇರಲಿಲ್ಲ, ಸೈನ್ಯವೆಲ್ಲ ಎದುರಿಗೆ ನಿಂತ ಕಾಮ್ರಾನನದು! ನಾಲ್ಕು ತಿಂಗಳ ಮುತ್ತಿಗೆಯ ನಂತರ ಕಾಮ್ರಾನನ ಹಟವೇ ಗೆದ್ದಿತು, ಬಾದಶಾಹ ಮರಳಿದ ಮೇಲೆ ಮತ್ತೆ ಅವನ ಹೆಸರು ಎಂಬ ಒಪ್ಪಂದದೊಂದಿಗೆ. ಆದರೂ ಕೇಳಿದವನಿಗೆ ಸತ್ಯ ಹೇಳುವ ಕೆಲಸವನ್ನು ಫೂಫಿ ಮಾಡಿಯಾಗಿತ್ತು.

ಅದೇ ಕಾಲದಲ್ಲಿ, 1542ರ ಅಕ್ಟೋಬರಿನಲ್ಲಿ, ಉಮರಕೋಟೆಯಲ್ಲಿ ಅಕ್ಬರ್ ಹುಟ್ಟಿದ. ಒಂದು ವರ್ಷದ ಕೂಸನ್ನು ಬಿಟ್ಟು ತಂದೆತಾಯಿ ಇರಾನಿಗೆ ಹೋಗಬೇಕಾಯಿತು. ಮಗು ಚಿಕ್ಕಪ್ಪಂದಿರ ಕೈಗೆ ಸಿಕ್ಕಿತು, ಅಂದರೆ ತಂದೆಯ ಶತ್ರುಗಳ ಕೈಗೆ. ಕಾಬೂಲಿಗೆ ತಂದಾಗ ಕಾಮ್ರಾನ್ ಅದನ್ನು ಖಾನ್‌ಜಾದಾ ಬೇಗಂಳ ವಶಕ್ಕೆ ಕೊಟ್ಟ. ಆ ಮುದುಕಿ ಮಗುವಿನ ಕೈಕಾಲುಗಳಿಗೆ ಮುತ್ತಿಡುತ್ತ, ಇವು ನನ್ನ ತಮ್ಮ ಬಾಬರನ ಕೈಕಾಲುಗಳೇ, ಅವನನ್ನೇ ಹೋಲುತ್ತಾನೆ ಎನ್ನುತ್ತಿದ್ದಳಂತೆ. ಯಾವ ತಮ್ಮನಿಗಾಗಿ ಹತ್ತು ವರ್ಷ ಶತ್ರುವಿನ ಮನೆಯಲ್ಲಿ ಬಾಳಿದಳೋ ಅವನ ಮೊಮ್ಮಗ ಈಗ ಆಕೆಯ ಮಡಿಲಲ್ಲಿದ್ದ. 1545ರಲ್ಲಿ ಹುಮಾಯೂನ್ ಇರಾನಿನಿಂದ ಸೈನ್ಯದೊಂದಿಗೆ ಮರಳಿದಾಗ ಅಣ್ಣತಮ್ಮಂದಿರ ನಡುವೆ ಸಂಧಾನಕ್ಕೆಂದು ಆ ವಯಸ್ಸಿನಲ್ಲೂ ಆಕೆ ಕಾಬೂಲಿನಿಂದ ಕಂದಹಾರಕ್ಕೆ ಪ್ರಯಾಣ ಮಾಡಿದಳು. ಅಲ್ಲಿಂದ ಕಾಬೂಲಿಗೆ ಮರಳುವ ದಾರಿಯಲ್ಲಿ ಮೂರು ದಿನ ಜ್ವರ ಬಂದು, ನಾಲ್ಕನೆಯ ದಿನ ತೀರಿಕೊಂಡಳು. ಮುಂದೆ ಆಕೆಯ ದೇಹವನ್ನು ಕಾಬೂಲಿಗೆ ತಂದು ಬಾಬರನ ಬಳಿ ದಫನ ಮಾಡಿದರು.

ಇಂಥ ಫೂಫಿಯನ್ನು ನೋಡಿ ಬೆಳೆದವಳು ಗುಲ್‌ಬದನ್. ಆಕೆಯ ಗಂಡ ಖಿಜ್ರ್ ಖ್ವಾಜಾ ಖಾನ್. ಗಂಡನ ಅಣ್ಣತಮ್ಮಂದಿರು ಕಾಮ್ರಾನನ ಕಡೆ ಸೇರಿದ್ದರು. ಕಾಬೂಲಿನಲ್ಲಿ ಕಾಮ್ರಾನ್ ಆಕೆಗೆ, ನಿನ್ನ ಗಂಡನಿಗೆ ಪತ್ರ ಬರೆದು ನನ್ನ ಕಡೆ ಬರಹೇಳು ಎಂದು ಒತ್ತಾಯಿಸಿದ. ನಾನು ಅವರಿಗೆ ಎಂದೂ ಪತ್ರ ಬರೆದವಳಲ್ಲ, ನನ್ನ ಅಕ್ಷರದ ಗುರುತೂ ಅವರಿಗಿಲ್ಲ, ನೀವೇ ಬೇಕಾದ್ದನ್ನು ಬರೆಯಿರಿ ಎಂದು ಆಕೆ ಜಾರಿಕೊಂಡಳು. ಅಣ್ಣ ಹುಮಾಯೂನನನ್ನು ಬಿಟ್ಟು ಹೋಗುವ ಯೋಚನೆಯನ್ನೂ ಮಾಡಬೇಡಿ ಎಂದು ಗಂಡನಿಗೆ ಮೊದಲೇ ಹೇಳಿಯಾಗಿತ್ತು. ಮುಂದೆ ಒಂದು ಪುಸ್ತಕವನ್ನೇ ಬರೆಯಬಲ್ಲವಳು ಒಂದು ಪತ್ರ ಬರೆಯಲಾರೆನೆಂದಳು! ಒಂದೇ ಮಡಿಲಲ್ಲಿ ಬೆಳೆದ ಅಣ್ಣನ ಋಣ ಎಂದು ಮೇಲೆ ಹೇಳಿದ್ದು ಇದಕ್ಕೇ.

1551ರ ನವೆಂಬರಿನ ಒಂದು ರಾತ್ರಿ ಕಾಮ್ರಾನನ ಕಡೆಯವರು ಹುಮಾಯೂನನ ಬೀಡಿನ ಮೇಲೆ ದಾಳಿ ಮಾಡಿದರು. ಎದುರಿಸಲು ಹೋದ ಹಿಂದಾಲ್ ಕೊಲ್ಲಲ್ಪಟ್ಟ. ವಯಸ್ಸು ಮೂವತ್ತೆರಡು. ಉಹುದ್ ರಣರಂಗದಲ್ಲಿ ತಮ್ಮ ಸೋದರ ಹಝ್ರತ್ ಹಂಝಾ (ರ.ಅ.) ಶಹೀದರಾದಾಗ ಪ್ರವಾದಿಯವರ (ಸ.ಅ.) ಫೂಫಿ ಹಝ್ರತ್ ಸಫಿಯ್ಯಾ (ರ.ಅ.) ತೋರಿದ ಸಬರ್ ನಮಗೆಲ್ಲ ಆದರ್ಶ. ಗುಲ್‌ಬದನಳಿಗೆ ಅಷ್ಟು ಸಬರ್ ಸಾಧ್ಯವಾಗಲಿಲ್ಲ ಎಂಬುದನ್ನು ಆಕೆ ಮುಚ್ಚಿಡುವುದಿಲ್ಲ. ಆ ಕತ್ತಿ ನನ್ನ ಎದೆಗೋ, ನನ್ನ ಮಗನಿಗೋ, ಗಂಡನಿಗೋ ಯಾಕೆ ತಾಗಲಿಲ್ಲ ಎಂದು ಗೋಳಿಡುತ್ತಾಳೆ. ಘಟನೆ ನಡೆದು ಮೂವತ್ತೈದು ವರ್ಷಗಳ ಮೇಲೆ ಬರೆದ ಪುಟ ಅದು. ಕಣ್ಣೀರು ಮಾತ್ರ ಆರಿಲ್ಲ. ಕಾಮ್ರಾನನನ್ನು ಸೋದರ ಹಂತಕನೆಂದು ಕರೆಯಲೂ ಆಕೆ ಹಿಂಜರಿಯಲಿಲ್ಲ.

ಎರಡು ವರ್ಷಗಳ ಬಳಿಕ ಕಾಮ್ರಾನ್ ಸೆರೆಸಿಕ್ಕ. ಅಮೀರರೆಲ್ಲ ಒಕ್ಕೊರಲಿನಿಂದ ಅವನ ತಲೆ ಕೇಳಿದರು. ತಮ್ಮನನ್ನು ಕೊಲ್ಲಲಾರದ ಹುಮಾಯೂನ್ ಅವನ ಕಣ್ಣು ಕೀಳಿಸಿದ. ಕುರುಡ ಕಾಮ್ರಾನ್ ಮಕ್ಕಾಕ್ಕೆ ಹೋಗಿ 1557ರಲ್ಲಿ ಅಲ್ಲೇ ತೀರಿಕೊಂಡ. ಗುಲ್‌ಬದನಳ ಪುಸ್ತಕ ನಮಗೆ ಸಿಕ್ಕಿರುವ ಪ್ರತಿಯಲ್ಲಿ ಆ ಕಣ್ಣು ಕೀಳಿಸಿದ ಘಟನೆಗೇ ನಿಂತುಹೋಗಿದೆ. ಮುಂದಿನ ಹಾಳೆಗಳು ಕಳೆದಿವೆ. ಇಡೀ ಕೃತಿ ಲಂಡನ್ನಿನಲ್ಲಿರುವ ಆ ಒಂದು ಅಪೂರ್ಣ ಹಸ್ತಪ್ರತಿಯಿಂದಲೇ ಲೋಕಕ್ಕೆ ತಿಳಿದದ್ದು. 1902ರಲ್ಲಿ ಆನೆಟ್ ಬೆವರಿಜ್ ಎಂಬ ಇಂಗ್ಲಿಷ್ ಮಹಿಳೆ ಅದನ್ನು ಇಂಗ್ಲಿಷಿಗೆ ತಂದರು. ಕಾಲೇಜು ವಿದ್ಯಾರ್ಥಿಗಳು ಹುಡುಕಿದರೆ ಸಿಗುತ್ತದೆ, ಓದಲೂ ಕಷ್ಟವಿಲ್ಲ.

ಪುಸ್ತಕದಲ್ಲಿಲ್ಲದ ಕಥೆ ಅಬುಲ್ ಫಜಲನ 'ಅಕ್ಬರ್‌ನಾಮಾ'ದಲ್ಲಿ ಸಿಗುತ್ತದೆ. 1575ರಲ್ಲಿ, ಐವತ್ತೆರಡರ ವಯಸ್ಸಿನಲ್ಲಿ, ಗುಲ್‌ಬದನ್ ಬೇಗಂ ಹಜ್ ಯಾತ್ರೆಗೆ ಹೊರಟಳು. ಅರಮನೆಯ ಹೆಂಗಸರ ದೊಡ್ಡ ತಂಡಕ್ಕೆ ಆಕೆಯೇ ಹಿರಿಯಳು. ಸಮುದ್ರವು ಪೋರ್ಚುಗೀಸರ ಹಿಡಿತದಲ್ಲಿದ್ದು, ಅವರ ರಹದಾರಿಯಿಲ್ಲದೆ ಹಡಗು ಬಿಡುವಂತಿರಲಿಲ್ಲ. ಸೂರತ್‌ನಲ್ಲೇ ಸುಮಾರು ಒಂದು ವರ್ಷ ಕಾಯಬೇಕಾಯಿತು. ಹಿಜಾಜ್‌ನಲ್ಲಿ ಮೂರು ವರ್ಷಕ್ಕೂ ಮಿಕ್ಕಿ ನಿಂತು ನಾಲ್ಕು ಬಾರಿ ಹಜ್ ನೆರವೇರಿಸಿದರು. ಮರಳುವಾಗ ಅದನ್ ಬಳಿ ಹಡಗು ಒಡೆದು ಅಲ್ಲಿಯೂ ತಿಂಗಳುಗಟ್ಟಲೆ ಉಳಿಯಬೇಕಾಯಿತು. ಫತೇಪುರ್ ಸಿಕ್ರಿಗೆ ಮರಳಿದ್ದು 1582ರಲ್ಲಿ.

ಆ ತಂಡದಲ್ಲಿ ಯಾರಿದ್ದರು ಎಂಬುದನ್ನು ಗಮನವಿಟ್ಟು ನೋಡಿ. ಅಕ್ಬರನ ಪತ್ನಿ, ಬಾಬರನ ಮೊಮ್ಮಗಳು ಸಲೀಮಾ ಸುಲ್ತಾನ್ ಬೇಗಂ ಇದ್ದಳು. ಗುಲ್‌ಬದನಳ ಸ್ವಂತ ಮೊಮ್ಮಗಳು ಉಮ್ಮೆ ಕುಲ್ಸೂಂ ಇದ್ದಳು. ಹುಮಾಯೂನನ ವಿರುದ್ಧ ನಿಂತಿದ್ದ ಅಸ್ಕರಿಯ ವಿಧವೆ ಇದ್ದಳು. ಹಾಜಿ ಬೇಗಂ ಮತ್ತು ಗುಲ್‌ಅಜಾರ್ ಬೇಗಂ ಎಂಬಿಬ್ಬರು ಇದ್ದರು, ಕಾಮ್ರಾನನ ಹೆಣ್ಣುಮಕ್ಕಳು. ಯಾವನನ್ನು ಆಕೆ ಸೋದರ ಹಂತಕನೆಂದು ಬರೆದಳೋ ಅವನ ಮಕ್ಕಳು! ಫೂಫಿಗೆ ಅವರೂ ಅಣ್ಣನ ಮಕ್ಕಳೇ ಆಗಿದ್ದರು. ಅವರ ತಂದೆ ಮಣ್ಣಾದ ಮಕ್ಕಾ ನಗರಕ್ಕೆ ಅವರು ಹೋದದ್ದು ಹಿಂದಾಲನ ತಂಗಿಯ ಜೊತೆಯಲ್ಲಿ. ಅಕ್ಬರನ ಕಾಲದ ಬೇರೆ ಯಾವ ವಿಜಯಕ್ಕಿಂತಲೂ ಈ ಹೆಸರುಗಳ ಪಟ್ಟಿ ನನಗೆ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ಸಂಬಂಧವನ್ನು ಹೇಳದೆ ಮುಗಿಸಲಾಗದು. ಅತ್ತಿಗೆ ನಾದಿನಿಯರೆಂದರೆ ಜಗಳವೇ ಎಂದು ನಮ್ಮಲ್ಲಿ ಮಾತಿದೆಯಷ್ಟೇ. ಹುಮಾಯೂನನ ಪತ್ನಿ, ಅಕ್ಬರನ ತಾಯಿ ಹಮೀದಾ ಬಾನು ಬೇಗಂ ಮತ್ತು ಗುಲ್‌ಬದನ್ ಐವತ್ತಕ್ಕೂ ಹೆಚ್ಚು ವರ್ಷ ಒಟ್ಟಿಗೆ ಬಾಳಿದ ಅತ್ತಿಗೆ ನಾದಿನಿಯರು. ಹುಮಾಯೂನನ ಪ್ರಸ್ತಾಪವನ್ನು ಹಮೀದಾ ನಲವತ್ತು ದಿನ ಒಪ್ಪದೆ ಹಟ ಮಾಡಿದ್ದು, ಕೊನೆಗೆ ದಿಲ್‌ದಾರ್ ಬೇಗಂ ಒಪ್ಪಿಸಿದ್ದು, ಇರಾನಿನ ದಾರಿಯ ಹಿಮದಲ್ಲಿ ಪಟ್ಟ ಪಾಡು, ಇವೆಲ್ಲ ಗುಲ್‌ಬದನಳ ಪುಸ್ತಕದಲ್ಲಿ ಬಂದಿರುವುದು ಹಮೀದಾಳ ಬಾಯಿಂದ ಕೇಳಿದ್ದರಿಂದಲೇ.

1603ರ ಫೆಬ್ರವರಿಯಲ್ಲಿ ಗುಲ್‌ಬದನ್ ಬೇಗಂ ಜ್ವರದಿಂದ ಮಲಗಿದಳು. ವಯಸ್ಸು ಎಂಬತ್ತು. ಮನೆಯಲ್ಲಿ ಆಗಲೂ ನೆಮ್ಮದಿಯಿರಲಿಲ್ಲ. ಶಾಹಜಾದೆ ಸಲೀಮ್ ಅಲಹಾಬಾದಿನಲ್ಲಿ ತಂದೆಗೆ ಎದುರು ಬಿದ್ದಿದ್ದ. ಅವನನ್ನು ಸಮಾಧಾನಪಡಿಸಿ ಅಕ್ಬರನ ಬಳಿಗೆ ಕರೆತರಲು ಹೋದವಳು, ಫೂಫಿಯ ಜೊತೆ ಹಜ್ ಮಾಡಿ ಬಂದಿದ್ದ ಅದೇ ಸಲೀಮಾ ಸುಲ್ತಾನ್ ಬೇಗಂ. ಆಗ್ರಾದಲ್ಲಿ ರೋಗಿಯ ಬಳಿ ಹಮೀದಾ ಇದ್ದಳು, ಹಿಂದಾಲನ ಮಗಳು ರುಕಯ್ಯಾ ಇದ್ದಳು. ಕಣ್ಣು ಮುಚ್ಚಿ ಮಲಗಿದ್ದವಳನ್ನು ಹಮೀದಾ ಎಂದಿನ ಅಕ್ಕರೆಯ ಹೆಸರಿನಿಂದ 'ಜೀವು' ಎಂದು ಕರೆದಳು. ಉತ್ತರ ಬರಲಿಲ್ಲ. ಮತ್ತೆ ಹೆಸರು ಹಿಡಿದು 'ಗುಲ್‌ಬದನ್' ಎಂದಳು. ಆಗ ಆಕೆ ಕಣ್ಣು ತೆರೆದು, ಉಳಿದವರು ಬಾಳಲಿ ಎಂದು ಹಾರೈಸುವ ಒಂದು ಸಾಲನ್ನು ಹೇಳಿ ಕಣ್ಣು ಮುಚ್ಚಿದಳು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಜನಾಝಾ ಹೊರಟಾಗ ಅರವತ್ತರ ಅಕ್ಬರ್ ಬಾದಶಾಹ ಸ್ವತಃ ಹೆಗಲು ಕೊಟ್ಟು ಒಂದಷ್ಟು ದೂರ ನಡೆದ. ಫೂಫಿಯ ಮಗ್ಫಿರತ್‌ಗಾಗಿ ಧಾರಾಳವಾಗಿ ದಾನಧರ್ಮ ಮಾಡಿಸಿದ.